ಗೈರೇಸ್ ಮಾದರಿ, ನಾಲ್ಕನೇ ಭಾನುವಾರ: ಹುರಿ ನಿಂತಿತು

ಇವತ್ತು ಮಧ್ಯಾಹ್ನ, ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ, ಪೈಪಿನ ಬಳೆ ತಾನಾಗಿಯೇ ಮುರಿಗೆ ಹಾಕಿಕೊಂಡು ನಿಂತಿತು. ಕೈ ಬಿಟ್ಟೆ, ಬಿಚ್ಚಲಿಲ್ಲ. ಎತ್ತಿ ಅಲ್ಲಾಡಿಸಿದೆ, ಆಗಲೂ ಬಿಚ್ಚಲಿಲ್ಲ. ಮೂರು ವಾರದಿಂದ ಇದಕ್ಕೇ ಕಾದಿದ್ದೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಬ್ಯಾಕ್ಟೀರಿಯಾದ ಡಿಎನ್‌ಎ ಹೇಗೆ ಸುತ್ತಿಕೊಳ್ಳುತ್ತೆ ಅಂತ ತೋರಿಸೋ ಮಾದರಿ ಇದು. ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾದ ಉದ್ದ ಸುಮಾರು 2 ಮೈಕ್ರೋಮೀಟರ್. ಅದರೊಳಗಿನ ಡಿಎನ್‌ಎ ಬಿಡಿಸಿದರೆ ಒಂದೂವರೆ ಮಿಲಿಮೀಟರ್‌ಗಿಂತ ಜಾಸ್ತಿ. ಅದು ಬಳೆಯ ಹಾಗೆ ಮುಚ್ಚಿಕೊಂಡ ಜೋಡಿ ಎಳೆ. ಗೈರೇಸ್ ಅನ್ನೋ ಕಿಣ್ವ ಆ ಜೋಡಿಯ ಹುರಿಯನ್ನು ಸ್ವಲ್ಪ ಸಡಿಲ ಮಾಡುತ್ತೆ. ಬಳೆ ಮುಚ್ಚಿರೋದರಿಂದ ಆ ಸುತ್ತುಗಳ ಕೊರತೆ ಎಲ್ಲಿಗೂ ಹೋಗೋ ಹಾಗಿಲ್ಲ. ಇಡೀ ಬಳೆಯೇ ತನ್ನ ಮೇಲೆ ತಾನು ಸುತ್ತಿಕೊಳ್ಳುತ್ತೆ. ಇದರಿಂದ ಜಾಗವೂ ಉಳಿಯುತ್ತೆ, ಓದಬೇಕಾದಾಗ ಎಳೆಗಳು ಬೇಗ ಬಿಡಿಸಿಕೊಳ್ಳುತ್ತವೆ. ಮಾರ್ಟಿನ್ ಗೆಲ್ಲರ್ಟ್ ಮತ್ತು ಜೊತೆಗಾರರು ಈ ಕಿಣ್ವವನ್ನು ಕಂಡುಹಿಡಿದದ್ದು 1976ರಲ್ಲಿ.

ಮೊದಲೆರಡು ವಾರ ನೈಲಾನ್ ಹಗ್ಗದಲ್ಲಿ ಒದ್ದಾಡಿದೆ. ತುದಿಗೆ ಒಂದೊಂದು ದುಂಡು ಮ್ಯಾಗ್ನೆಟ್ ಅಂಟಿಸಿದ್ದೆ. ಎಷ್ಟು ಹುರಿ ಹಾಕಿದರೂ ಕೈ ಬಿಟ್ಟ ಕೂಡಲೇ ಮ್ಯಾಗ್ನೆಟ್ ಗರಗರ ತಿರುಗಿ ಎಲ್ಲಾ ಸೋರಿ ಹೋಗುತ್ತಿತ್ತು. ಅಂಟು ಬದಲಿಸಿದೆ, ಹಗ್ಗ ಬದಲಿಸಿದೆ, ಏನೂ ಆಗಲಿಲ್ಲ. ಮೂರನೇ ವಾರ ರಾತ್ರಿ ಮಲಗಿದ್ದಾಗ ಹೊಳೆಯಿತು. ಡಿಎನ್‌ಎಯಲ್ಲೂ ಹೀಗೇ ಅಲ್ವಾ! ಎರಡು ಎಳೆಗಳಲ್ಲಿ ಒಂದೇ ಕಡಿದರೂ ಸಾಕು, ಇನ್ನೊಂದರ ಸುತ್ತ ತಿರುಗಿ ಮುರಿಗೆಯೆಲ್ಲ ಬಿಚ್ಚಿಹೋಗುತ್ತೆ. ಗೈರೇಸ್ ಎರಡೂ ಎಳೆ ಕಡಿಯುತ್ತೆ, ಆದರೆ ತುದಿಗಳನ್ನು ಬಿಡೋದೇ ಇಲ್ಲ. ಗೈರೇಸಿನಲ್ಲಿ ಗೈರ್‌ಎ ಅನ್ನೋ ತುಂಡುಗಳು ಎರಡಿವೆ, ಅವುಗಳ ಒಂದೊಂದು ಟೈರೋಸಿನ್ (ಒಂದು ಅಮೈನೋ ಆಮ್ಲ) ಒಂದೊಂದು ಎಳೆಯ ತುದಿಯನ್ನು ಬಿಗಿಯಾಗಿ ಹಿಡಿದಿರುತ್ತೆ.

ಮರುದಿನವೇ ಕ್ರಾಫರ್ಡ್ ಮಾರ್ಕೆಟ್‌ಗೆ ಹೋಗಿ, ಮೀನಿನ ತೊಟ್ಟಿಗೆ ಗಾಳಿ ಬಿಡೋ ಪೈಪ್ ತಂದೆ. ಒಂದು ಕೆಂಪು, ಒಂದು ಹಳದಿ. ಎರಡನ್ನೂ ಬಲಗೈ ಹುರಿಯಲ್ಲಿ 40 ಸುತ್ತು ಹೊಸೆದೆ. ನಾಲ್ಕು ತುದಿಗೂ ಬೇರೆ ಬೇರೆ ಮ್ಯಾಗ್ನೆಟ್ ಹಾಕಿದೆ. ಕೆಂಪು ಕೆಂಪಿಗೇ ಸೇರಬೇಕು, ಹಳದಿ ಹಳದಿಗೇ. ಅದಲುಬದಲಾದರೆ ಒಂದನ್ನೊಂದು ದೂಡುತ್ತವೆ. ಮ್ಯಾಗ್ನೆಟ್‌ಗಳು ಸೇರೋ ಈ ಜಾಗವೇ ಮಾದರಿಯ ಬಾಗಿಲು, ಗೈರೇಸ್ ಎಳೆ ಕಡಿಯೋ ಜಾಗದ ಹಾಗೆ.

ಇವತ್ತಿನ ಕೆಲಸ ಹೀಗಿತ್ತು. ಬಳೆಯ ಒಂದು ಭಾಗವನ್ನು ಬಾಗಿಲಿನ ಮೇಲೆ ಅಡ್ಡ ಹಾಯಿಸಿದೆ. ಅದಕ್ಕೆ ಸರಿದೂಗಿಸಲು ಬೇರೆ ಕಡೆ ಎದುರು ದಿಕ್ಕಿನ ಮಡಿಕೆ ಬಿತ್ತು. ಬಾಗಿಲು ತೆರೆದು, ಮೇಲಿದ್ದ ಪೈಪನ್ನು ಸಂದಿಯಲ್ಲಿ ಕೆಳಗೆ ತೂರಿಸಿ, ಮತ್ತೆ ಮುಚ್ಚಿದೆ. ಆ ಒಂದೇ ದಾಟಿನಲ್ಲಿ ಬಲದ ಮಡಿಕೆ ಎಡದ್ದಾಯಿತು. ಕೆಂಪು, ಹಳದಿ ಒಂದನ್ನೊಂದು ಸುತ್ತಿದ ಲೆಕ್ಕ 40ರಿಂದ 38ಕ್ಕೆ ಇಳಿಯಿತು. ಒಂದಲ್ಲ, ಎರಡು! ನಿಜವಾದ ಗೈರೇಸೂ ಪ್ರತಿ ಸಲ ಎರಡೇ ಇಳಿಸುತ್ತೆ, ಅದಕ್ಕೆ ಜೀವಕೋಶದ ಇಂಧನವಾದ ಎಟಿಪಿಯ ಎರಡು ಅಣು ಖರ್ಚು ಮಾಡುತ್ತೆ. ಓದಿ ಗೊತ್ತಿತ್ತು. ಕೈಯಲ್ಲಿ ಹಿಡಿದು ನೋಡಿದ ಖುಷಿಯೇ ಬೇರೆ. ಮಗಳು ತಾನೇ ಎಣಿಸಬೇಕೆಂದು ಹಠ ಹಿಡಿದು ಮೂರು ಸಲ ಎಣಿಸಿದಳು.

ಸಂಜೆ ಮುಲುಂಡ್‌ನಿಂದ ತಮ್ಮ ಬಂದ. ಈ ಮಾದರಿ ಶುರು ಮಾಡಿದ್ದೇ ಅವನಿಗಾಗಿ. ಔಷಧಕ್ಕೆ ಬಗ್ಗದ ಟಿಬಿ ಬಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದವನು. ಅವುಗಳಲ್ಲಿ ಲೀವೋಫ್ಲಾಕ್ಸಸಿನ್ ಕೂಡ ಒಂದು. ಅದು ಹೋಗಿ ಕೂರೋದು ಗೈರೇಸಿನ ಇದೇ ತೆರೆದ ಬಾಗಿಲಲ್ಲಿ. ಕಡಿದದ್ದನ್ನು ಮತ್ತೆ ಸೇರಿಸಲು ಬಿಡೋದಿಲ್ಲ. ತುಂಡಾದ ಡಿಎನ್‌ಎಯಿಂದ ಬ್ಯಾಕ್ಟೀರಿಯಾ ಸಾಯುತ್ತೆ.

ಥರ್ಮಕೋಲ್ ಚೂರು ಒಂದನ್ನು ಅವನ ಕೈಗೆ ಕೊಟ್ಟು, ಬಾಗಿಲಿಗೆ ಸಿಕ್ಕಿಸು ಅಂದೆ. ಸಿಕ್ಕಿಸಿದ. ಮ್ಯಾಗ್ನೆಟ್‌ಗಳು ಒಂದಕ್ಕೊಂದು ತಲುಪಲಿಲ್ಲ. ಸುಮ್ನೆ ನೋಡುತ್ತಾ ನಿಂತ.

"ಅಣ್ಣಾ, ಇದನ್ನೇನಾ ನಾನು ದಿನಾ ನುಂಗ್ತಿದ್ದದ್ದು?"

"ಹೂಂ, ಇದನ್ನೇ ಕಣೋ."

ಆ ಚೂರನ್ನು ಜೇಬಿಗೆ ಹಾಕಿಕೊಂಡು ಹೋದ. ಮುಂದಿನ ಭಾನುವಾರ ಇನ್ನೊಂದು ಕತ್ತರಿಸಬೇಕು. ಎಟಿಪಿ ಹಿಡಿಯೋ, ಗೈರೇಸಿನ ಇನ್ನೊಂದು ತುಂಡಾದ ಗೈರ್‌ಬಿಯ ಮುಚ್ಚಳದ ಕೆಲಸವೂ ಬಾಕಿ ಇದೆ.