ಬಾಣೆಯ ದನಕ್ಕೆ ಟೈರಿನ ಉಪ್ಪುತೊಟ್ಟಿ: ಇಲ್ಲಿಯವರೆಗಿನ ಕೆಲಸ

ಕಟ್ಟಿ ಸಾಕಿದ ಹಸುವಿಗೆ ಖನಿಜ ಮಿಶ್ರಣ, ಅಂದರೆ ಸತು, ತಾಮ್ರದಂಥ ಖನಿಜಗಳ ಪುಡಿ, ಕೊಡೋದು ಸುಲಭ. ಹಿಂಡಿಗೆ ಕಲಸಿ ಮುಂದಿಟ್ಟರೆ ಆಯಿತು. ನಮ್ಮವು ಮಲೆನಾಡು ಗಿಡ್ಡ ಅನ್ನುವ ಸಣ್ಣ ತಳಿಯವು. ಬೆಳಿಗ್ಗೆ ಬಾಣೆಗೆ, ಅಂದರೆ ಮೇಯುವ ಹುಲ್ಲುಗಾವಲಿಗೆ, ಬಿಟ್ಟರೆ ಸಂಜೆಯೇ ಬರೋದು. ಹಾಲು ಕೊಡುವ ಹಸು ಬಿಟ್ಟರೆ ಉಳಿದವಕ್ಕೆ ಹಿಂಡಿಯೇ ಇಲ್ಲ. ಅವು ತಾವಾಗಿ ಬಂದು ನೆಕ್ಕುವಂಥ ತೊಟ್ಟಿಯೊಂದನ್ನು ಮನೆಯಲ್ಲೇ ಮಾಡಬೇಕು ಅಂತ ಈ ವರ್ಷ ಕೈಹಾಕಿದೆ.

ಬೇಸಿಗೆಯಲ್ಲಿ ದನಗಳು ಧರೆಯ ಮಣ್ಣು ನೆಕ್ಕುತ್ತಿದ್ದವು. ಒಂದರ ಗಂಜಲಕ್ಕೆ ಇನ್ನೊಂದು ಬಾಯಿ ಹಾಕುತ್ತಿತ್ತು. ಒಂದು ಕಡಸಂತೂ ತಂತಿಯ ಮೇಲೆ ಒಣಗಲು ಹಾಕಿದ್ದ ಪಂಚೆಯ ತುದಿಯನ್ನು ಬಾಯಿಗೆ ಎಳೆದುಕೊಂಡು ಕಣ್ಣುಮುಚ್ಚಿ ಜಗಿಯುತ್ತಾ ನಿಂತಿತ್ತು. ಪಶುವೈದ್ಯರು ನೋಡಿ, ಮೊದಲು ಜಂತುಹುಳದ ಔಷಧಿ ಕೊಡಿ, ಆಮೇಲೆ ಉಪ್ಪು, ಖನಿಜ ಮಿಶ್ರಣ ತಪ್ಪಿಸಬೇಡಿ ಅಂದರು.

ನಮ್ಮ ಕೊಡಗಿನ ಸೋಮವಾರಪೇಟೆ ಕಡೆಯ ಮಳೆಗೆ ಮಣ್ಣಿನ ಸತ್ವವೆಲ್ಲ ತೊಳೆದುಹೋಗುತ್ತದೆ. ಮಣ್ಣು ಹುಳಿಯಾಗುತ್ತದೆ ಅಂತ ಕಾಫಿ ತೋಟಕ್ಕೆ ಸುಣ್ಣ ಹಾಕುತ್ತೇವೆ, ಅಲ್ವಾ? ಪಕ್ಕದ ಬಾಣೆಯ ಹುಲ್ಲಿಗೆ ಯಾರೂ ಏನೂ ಹಾಕುವುದಿಲ್ಲ. ಅದೇ ಹುಲ್ಲು ತಿಂದು ದನ ಕರು ಹಾಕಬೇಕು, ಹಾಲು ಕೊಡಬೇಕು. ಇನ್ನೊಂದು ವಿಷಯ. ಕೆಂಪು ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ. ಕಬ್ಬಿಣ ಜಾಸ್ತಿ ಹೊಟ್ಟೆಗೆ ಹೋದರೆ ತಾಮ್ರ ಮೈಗೆ ಹತ್ತುವುದಿಲ್ಲ.

ಏಪ್ರಿಲ್

ಮೊದಲು ಮಾಡಿದ್ದು ನೀಲಿ ಪ್ಲಾಸ್ಟಿಕ್ ಡ್ರಮ್ಮಿನದು. 200 ಲೀಟರಿನ ಡ್ರಮ್ಮನ್ನು ಅಡ್ಡ ಮಲಗಿಸಿ, ಒಂದು ಬದಿ ಕೊಯ್ದು, ಎರಡು ಕಂಬಕ್ಕೆ ಬಿಗಿದೆ. ತೋಟದವರಿಗೆ ಒಂದು ಮಾತು. ಗಿಡಕ್ಕೆ ಹೊಡೆಯುವ ಔಷಧಿ ಬಂದ ಡ್ರಮ್ ಬೇಡವೇ ಬೇಡ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮೂ ಬೇಡ, ಎಷ್ಟು ತೊಳೆದರೂ ಬೇಡ. ಮೈಲುತುತ್ತ ಅಂದರೆ ತಾಮ್ರವೇ. ಮಿಶ್ರಣದಲ್ಲಿ ಅಳತೆಗೆ ತಕ್ಕಷ್ಟು ತಾಮ್ರ ಇದ್ದೇ ಇರುತ್ತದೆ, ಮೇಲೆ ಅಳತೆಯಿಲ್ಲದ್ದು ಸೇರಬಾರದು. ನಾನು ತಂದದ್ದು ಕುಡಿಯುವ ನೀರು ತುಂಬಿಡುತ್ತಿದ್ದ ಡ್ರಮ್.

ಬೇಸಿಗೆಗೆ ಅದು ಚೆನ್ನಾಗಿದೆ. ಆದರೆ ನಮ್ಮ ಮಳೆ ನೇರ ಬೀಳುವ ಮಳೆಯಲ್ಲ, ಗಾಳಿಯ ಜೊತೆ ಅಡ್ಡ ಹೊಡೆಯುವುದು. ತೆರೆದ ಬಾಯಿಯ ಡ್ರಮ್ ಅದಕ್ಕೆ ಸಾಲದು. ಗಿಡ್ಡದ ಕೊಂಬಿಗೂ ಬಾಯಿ ಇಕ್ಕಟ್ಟು. ಆದ್ದರಿಂದ ಮಳೆಗಾಲಕ್ಕೆ ಬೇರೆಯದೇ ಬೇಕಾಯಿತು.

ಮೇ

ಪಂಕ್ಚರ್ ಅಂಗಡಿಯಿಂದ ಹಳೆಯ ಲಾರಿ ಟೈರ್ ಒಂದು, ಹರಿದ ಟ್ಯೂಬ್ ಎರಡು ಸಿಕ್ಕವು. ಟೈರನ್ನು ನೆಲಕ್ಕೆ ಮಲಗಿಸಿ, ಮೇಲಿನ ಬದಿಯ ರಬ್ಬರನ್ನು ವೃತ್ತಾಕಾರಕ್ಕೆ ಕೊಯ್ದು ಬಾಯಿ ಅಗಲ ಮಾಡಿದೆ. ಚಾಕುವಿಗೆ ಸೋಪಿನ ನೀರು ಹಚ್ಚುತ್ತಾ ಇದ್ದರೆ ಸಲೀಸಾಗಿ ಓಡುತ್ತದೆ. ನೆಲಕ್ಕೆ ತಾಗುವ ದಪ್ಪ ಭಾಗಕ್ಕೆ ಕೈ ಹಾಕಬೇಡಿ, ಒಳಗೆ ತಂತಿ ಇರಬಹುದು. ಒಳಗೆ ಒಂದು ಪ್ಲಾಸ್ಟಿಕ್ ಟಬ್ ಕೂರಿಸಿದೆ. ಕಬ್ಬಿಣದ ಬಾಣಲೆ ಇಟ್ಟರೆ ಉಪ್ಪು ಅದನ್ನು ತಿಂದುಹಾಕುತ್ತದೆ. ಬೋಲ್ಟುಗಳೂ ಅಷ್ಟೇ, ಸ್ಟೀಲಿನವೇ ಆಗಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಮುಚ್ಚಳ. ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಡಿಸಿದರೆ ಅಗಲವಾದ ರಬ್ಬರ್ ಹಾಳೆ ಸಿಗುತ್ತದೆ. ಎರಡು ಹಾಳೆ ಒಂದರ ಮೇಲೊಂದು ಬರುವ ಹಾಗೆ ಜೋಡಿಸಿ, ಟೈರಿನ ಪಡುವಣ ಬದಿಗೆ ಮಾತ್ರ ಬೋಲ್ಟ್ ಹಾಕಿದೆ. ಮುಂಗಾರಿನ ಗಾಳಿ ಬರುವುದು ಆ ಕಡೆಯಿಂದ. ಮೂಡಣ ತುದಿ ಸಡಿಲ. ಗಾಳಿಗೆ ಹಾರದಿರಲಿ ಅಂತ ಆ ತುದಿಗೆ ಟೈರಿನದೇ ಒಂದು ಪಟ್ಟಿ ಬಿಗಿದೆ. ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟನ್ನೂ ಇಟ್ಟು ನೋಡಿದ್ದೆ. ಅದು ಭಾರ. ದೊಡ್ಡ ಗಾತ್ರದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು ಎತ್ತಬಹುದು, ಮೂರಡಿಯ ಗಿಡ್ಡಕ್ಕೆ ಆಗದು.

ಟೈರನ್ನು ಕಲ್ಲಿನ ಮೇಲೆ ಕೂರಿಸುವಾಗ ಅಮ್ಮ ಬಂದು, "ಕರುವಿಗೆ ಬಾಯಿ ಎಟಕುತ್ತಾ ನೋಡೋ" ಅಂದರು. ಸರಿಯಾದ ಮಾತು. ಒಂದು ಸಾಲು ಕಲ್ಲು ತೆಗೆದೆ. ಈಗ ಅಂಚು ನೆಲದಿಂದ ಒಂದೂವರೆ ಅಡಿ ಇದೆ.

ದನಕ್ಕೆ ಕಲಿಸುವುದು ಹೇಗೆ? ಮೊದಮೊದಲು ಮುಚ್ಚಳವನ್ನು ಪೂರ್ತಿ ಮಡಚಿಟ್ಟೆ, ಆಮೇಲೆ ಅರ್ಧ, ಆಮೇಲೆ ಅಂಚಿಗೆ ಒಂದು ಕಲ್ಲು ಸಿಕ್ಕಿಸಿ ಸ್ವಲ್ಪ ಸಂದು ಬಿಟ್ಟೆ. ಕೆಂಪಿ ಮೊದಲು ಕಲಿತಳು. ಅಂಚಿನ ಬಳಿ ಮೂಗಿಟ್ಟು ಜೋರಾಗಿ ಉಸಿರು ಬಿಟ್ಟು, ಮೂತಿ ಕೆಳಗೆ ತೂರಿಸಿ, ತಲೆ ಎತ್ತಿ ಒಂದೇ ಸಲ ಒಳಗೆ ಹೋದಳು. ರಬ್ಬರು ಅವಳ ಹಣೆಯ ಮೇಲೆ ಕೂತಿತ್ತು, ಒಳಗಿನಿಂದ ನೆಕ್ಕುವ ಸದ್ದು. ಅವಳ ಕರು ಪಕ್ಕದಲ್ಲೇ ನಿಂತು ನೋಡಿ, ಅದೇ ಸಂದಿಯಲ್ಲಿ ಮೂತಿ ತೂರಿಸಿತು. ನನಗಾದ ಖುಷಿ ಅಷ್ಟಿಷ್ಟಲ್ಲ. ಉಳಿದವು ಅವಳನ್ನು ನೋಡಿ ಕಲಿತವು. ಆದರೆ ಕೆಂಪಿ ಯಾರನ್ನೂ ಹತ್ತಿರ ಬಿಡುವುದಿಲ್ಲ, ಹಾಯುತ್ತಾಳೆ. ಒಂದಿಷ್ಟು ದೂರದಲ್ಲಿ ಇನ್ನೊಂದು ಟೈರ್ ಇಡಲೇಬೇಕಾಯಿತು.

ಜೂನ್, ಜುಲೈ

ಮಳೆ ನೀರು ಒಳಗೆ ಹೋಗಲಿಲ್ಲ. ಆದರೂ ಉಪ್ಪು ಗಾಳಿಯ ತೇವವನ್ನೇ ಎಳೆದುಕೊಂಡು ಹೆಪ್ಪುಗಟ್ಟುತ್ತದೆ. ಈಗ ಎರಡು ಮೂರು ದಿನಕ್ಕಾಗುವಷ್ಟು ಮಾತ್ರ ಹಾಕಿ, ಕೈಯಲ್ಲಿ ಪುಡಿ ಮಾಡುತ್ತಿರುತ್ತೇನೆ. ದಾಸ್ತಾನು ಒಲೆಯ ಮೇಲಿನ ಅಟ್ಟದಲ್ಲಿದೆ. ರುಚಿಗೆ ಅಂತ ತೌಡು ಸೇರಿಸುವವರಿದ್ದಾರೆ. ಮಳೆಗಾಲದಲ್ಲಿ ತೌಡು ಬೂಷ್ಟು ಹಿಡಿಯುತ್ತದೆ, ನಾನು ಹಾಕುವುದಿಲ್ಲ. ಯೂರಿಯಾ ಅಂತೂ ಇಂಥ ತೊಟ್ಟಿಗೆ ಹಾಕಲೇಬಾರದು. ನೀರು ಸೇರಿ ಕರಗಿದ್ದನ್ನು ದನ ಕುಡಿದರೆ ಜೀವಕ್ಕೇ ಅಪಾಯ.

ಅಳತೆಯ ವಿಷಯ. ಉಪ್ಪು, ಖನಿಜ ಮಿಶ್ರಣ ಸಮಸಮ ತೂಕ. ದನ ಹುಡುಕಿಕೊಂಡು ಬರುವುದು ಉಪ್ಪಿಗೆ. ತನಗೆ ಸತು ಬೇಕು, ತಾಮ್ರ ಬೇಕು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಪಕ್ಕದಲ್ಲಿ ಬರೀ ಉಪ್ಪು ಬೇರೆ ಇಟ್ಟರೆ ಈ ಕಡೆ ತಿರುಗಿಯೂ ನೋಡಲಿಕ್ಕಿಲ್ಲ. ಚೀಲದ ಚೀಟಿ ಓದಿ, ಕೆಲವು ಮಿಶ್ರಣಕ್ಕೆ ಮೊದಲೇ ಉಪ್ಪು ಸೇರಿಸಿರುತ್ತಾರೆ. ನಮ್ಮಲ್ಲಿ ಆರು ದನ. ವಾರಕ್ಕೆ ಎರಡೂವರೆ ಕಿಲೋ ಖಾಲಿಯಾದರೆ ತಲೆಗೆ ದಿನಕ್ಕೆ ಸುಮಾರು 60 ಗ್ರಾಂ, ಅದರಲ್ಲಿ ಮಿಶ್ರಣ 30 ಗ್ರಾಂ. ಗಿಡ್ಡಕ್ಕೆ ಅಷ್ಟು ಸಾಕು. ದೊಡ್ಡ ಕರಾವಿನ ಹಸುವಿಗೆ 50 ಗ್ರಾಂ ಬೇಕು. ಶುರುವಿನಲ್ಲಿ ಉಪ್ಪಿನ ಆಸೆಗೆ ಮಿತಿಮೀರಿ ತಿಂದವು, ಆಮೇಲೆ ಹದಕ್ಕೆ ಬಂದವು. ಹತ್ತಿರದಲ್ಲಿ ನೀರಿರಬೇಕು. ತೂಕ ಮಾಡಿ ಹಾಕುವುದು, ಉಳಿದದ್ದನ್ನು ತೂಗುವುದು, ಇದನ್ನು ಬಿಟ್ಟರೆ ತೊಟ್ಟಿ ಇದ್ದೂ ಪ್ರಯೋಜನವಿಲ್ಲ.

ಕಾಡಂಚಿನವರು ಇದನ್ನು ಗಮನಿಸಿ. ಉಪ್ಪಿಗೆ ಕಾಟಿ (ಕಾಡುಕೋಣ), ಕಡವೆ ಮಾತ್ರವಲ್ಲ, ಆನೆಯೂ ಬರುತ್ತದೆ. ಬಾಣೆಯ ತುದಿಯಲ್ಲಿ ತೊಟ್ಟಿ ಇಡಬಾರದು. ನಮ್ಮದು ಬೇಲಿಯೊಳಗೆ, ನೀರಿನ ತೊಟ್ಟಿಯ ಪಕ್ಕದಲ್ಲಿದೆ. ಸಂಜೆ ಟಬ್ ಎತ್ತಿ ಒಳಗಿಡುತ್ತೇನೆ. ಟಬ್ಬನ್ನು ಟೈರಿಗೆ ಬಿಗಿಯದೆ ಬಿಡಿಯಾಗಿ ಕೂರಿಸಿದ್ದೇ ಅದಕ್ಕೆ.

ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ

ಮಣ್ಣು ನೆಕ್ಕುವುದು ನಿಂತಿದೆ. ಕಡಸು ಬಟ್ಟೆಯ ತಂಟೆಗೆ ಹೋಗುತ್ತಿಲ್ಲ. ಜಂತುಹುಳದ ಔಷಧಿಯ ಪಾಲೂ ಇದರಲ್ಲಿದೆ. ಬೆದೆಗೆ ಸರಿಯಾಗಿ ಬರುತ್ತವಾ ಅನ್ನುವುದಕ್ಕೆ ಇನ್ನೂ ಕಾಯಬೇಕು. ಸುಗ್ಗಿಯ ಹಬ್ಬ ಪುತ್ತರಿಯಾಗಿ ಕೊಯ್ಲು ಮುಗಿದರೆ ದನ ಗದ್ದೆಗೆ ಇಳಿಯುತ್ತವೆ. ಅಷ್ಟರೊಳಗೆ ಎರಡನೇ ಟೈರಿನ ಅಡಿಗೆ ಸಿಲ್ವರ್ ಓಕ್ ಹಲಗೆ ಬಿಗಿದು, ಹಗ್ಗ ಕಟ್ಟಿ ಎಳೆದುಕೊಂಡು ಹೋಗುವ ಹಾಗೆ ಮಾಡಬೇಕು. ಹಲಗೆ ಕೊಯ್ಸಿ ಆಗಿದೆ, ಬೋಲ್ಟ್ ತರಬೇಕು.