ಈಮ್‌ಗೆ ಹೋದರೆ ಊರಾಚೆಯ ಕಲ್ಲನ್ನು ನೋಡದೆ ಬರಬೇಡಿ

ಮೊದಲು ಹೆಸರು ಸರಿ ಮಾಡಿಕೊಳ್ಳಿ. ಬೋರ್ಡು ನೋಡಿ ನಾನು ‘ಇಯಾಮ್’ ಅಂದೆ, ಬಸ್ ಡ್ರೈವರಿಗೆ ಅರ್ಥವೇ ಆಗಲಿಲ್ಲ. ಅದು ‘ಈಮ್’. ಇಂಗ್ಲೆಂಡಿನ ಡರ್ಬಿಶೈರ್‌ನ ಗುಡ್ಡಗಾಡಿನ ಸಣ್ಣ ಹಳ್ಳಿ. ಶೆಫೀಲ್ಡ್‌ನಿಂದ ಬಸ್ಸಿದೆ. ಗ್ರಿಂಡಲ್‌ಫರ್ಡ್‌ವರೆಗೆ ರೈಲೂ ಇದೆ, ಆದರೆ ಅಲ್ಲಿಂದ ಒಂದು ಗಂಟೆಗೂ ಜಾಸ್ತಿ ಏರು ಹತ್ತಬೇಕು. ಮೊದಲ ಸಲ ನಾನು ಹಾಗೇ ಹೋಗಿ ಸುಸ್ತಾಗಿದ್ದೆ.

1665ರಲ್ಲಿ ಲಂಡನ್ನಿನಿಂದ ಇಲ್ಲಿನ ದರ್ಜಿಯ ಮನೆಗೆ ಬಟ್ಟೆಯ ಗಂಟು ಬಂತು. ಅದರ ಜೊತೆ ಚಿಗಟ, ಚಿಗಟದ ಜೊತೆ ಪ್ಲೇಗ್. ಮರುವರ್ಷ ಪಾದ್ರಿ ವಿಲಿಯಂ ಮೊಂಪೆಸನ್, ‘ರೋಗ ಹೊರಗೆ ಹರಡದಂತೆ ಯಾರೂ ಊರು ಬಿಡಬಾರದು’ ಅಂದರು. ಹೊಸಬರ ಮಾತು ಯಾರು ಕೇಳ್ತಾರೆ? ಕೆಲಸ ಕಳೆದುಕೊಂಡಿದ್ದ ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿಯೂ ಜೊತೆಗೆ ನಿಂತ ಮೇಲೇ ಜನ ಒಪ್ಪಿದ್ದು. ಸುಮಾರು 260 ಜನ ಸತ್ತರು. ಮೊಂಪೆಸನ್‌ರ ಹೆಂಡತಿ ಕ್ಯಾಥರೀನ್ ಕೂಡ ಹೋದರು. ಆಕೆಯ ಸಮಾಧಿ ಚರ್ಚಿನ ಅಂಗಳದಲ್ಲೇ ಇದೆ.

ಚರ್ಚಿನ ಪಕ್ಕದ ‘ಪ್ಲೇಗ್ ಮನೆ’ಗಳ ಮುಂದೆ ಸತ್ತವರ ಹೆಸರಿನ ಬೋರ್ಡುಗಳಿವೆ. ಎಲ್ಲರೂ ಫೋಟೋ ತೆಗೆಯುವುದು ಇಲ್ಲೇ. ಆ ಮನೆಗಳಲ್ಲಿ ಈಗಲೂ ಜನ ಇದ್ದಾರೆ, ಕಿಟಕಿಯಲ್ಲಿ ಇಣುಕಬೇಡಿ. ಮ್ಯೂಸಿಯಂ ಚೆನ್ನಾಗಿದೆ, ಆದರೆ ವರ್ಷವಿಡೀ ತೆರೆದಿರುವುದಿಲ್ಲ, ವಿಚಾರಿಸಿ ಹೋಗಿ.

ನನ್ನ ಪ್ರಕಾರ ಊರಿನ ಜೀವ ಇರುವುದು ಹೊರಗಿನ ಹೊಲಗಳಲ್ಲಿ. ಪಕ್ಕದ ಹಳ್ಳಿ ಸ್ಟೋನಿ ಮಿಡಲ್‌ಟನ್ ಕಡೆಯ ಕಾಲುದಾರಿ ಹಿಡಿದರೆ ಗಡಿಕಲ್ಲು ಸಿಗುತ್ತದೆ. ಗಿಡ್ಡ ಬಂಡೆ, ಮೇಲೆ ಆರು ಕುಳಿ. ರೋಗ ಅಂಟದಿರಲಿ ಅಂತ ಊರಿನವರು ವಿನೆಗರ್‌ನಲ್ಲಿ ನೆನೆಸಿದ ನಾಣ್ಯ ಅದರಲ್ಲಿ ಇಟ್ಟು ಹೋಗುತ್ತಿದ್ದರು. ಹೊರಗಿನವರು ದುಡ್ಡು ತಗೊಂಡು ಆಹಾರ ಇಡುತ್ತಿದ್ದರು. ನಾನು ಒಂದು ಕುಳಿಗೆ ಬೆರಳು ಹಾಕಿದೆ. ಅಂಚು ನುಣ್ಣಗಾಗಿದೆ, ಒಳಗೆ ಮಳೆನೀರು. ತಡೆಯುವುದಕ್ಕೆ ಗೋಡೆಯಿರಲಿಲ್ಲ, ಕಾವಲಿರಲಿಲ್ಲ, ಬರೀ ಒಂದು ಕಲ್ಲು.

ಊರಿನ ಇನ್ನೊಂದು ಬದಿಗೆ ‘ರೈಲಿ’ ಸಮಾಧಿಗಳು, ರೈಲಿ ಅನ್ನುವುದು ಅಲ್ಲಿನ ಹೊಲಮನೆಯ ಹೆಸರು. ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ ಎಂಟೇ ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಒಬ್ಬಳೇ ಹೂತ ಜಾಗ. ಸುತ್ತ ಪುಟ್ಟ ಕಲ್ಲುಗೋಡೆ, ಅದರಾಚೆ ಹುಲ್ಲುಗಾವಲು. ಸುಮ್ನೆ ಹತ್ತು ನಿಮಿಷ ಕೂತುಬಿಡಿ.

ಮಳೆ ಬಂದರೆ ದಾರಿ ಕೆಸರು, ಒಳ್ಳೆ ಶೂ ಇರಲಿ. ವಾಪಸ್ ಬಸ್ಸಿನ ಟೈಮ್ ಇಳಿದ ಕೂಡಲೇ ನೋಡಿಟ್ಟುಕೊಳ್ಳಿ. ಹೊಲದ ಗೇಟು ತೆಗೆದರೆ ಮತ್ತೆ ಹಾಕಿ ಬನ್ನಿ, ಒಳಗೆ ಕುರಿಗಳಿರುತ್ತವೆ.