ಬೆರಳಿಗೆ ಹತ್ತಿದ ಹಳದಿ

ಹೋದ ದಸರೆ ಮುಗಿದ ವಾರ ನಮ್ಮ ವಿಜ್ಞಾನದ ಸರ್ ತೀರಿಕೊಂಡರು. ಫೋನ್ ಬಂದಾಗ ನಾನು ರಾಣೆಬೆನ್ನೂರು ಹತ್ತಿರದ ಬೀಜೋತ್ಪಾದನೆ ಹೊಲದಲ್ಲಿ, ಹತ್ತಿಯ ಹೆಣ್ಣು ಸಾಲಿನ ನಡುವೆ ನಿಂತಿದ್ದೆ. ತಳಿಶಾಸ್ತ್ರ ಓದಿ ಇದೇ ಕೆಲಸದಲ್ಲಿ ಹೆಸರು ಮಾಡಿದ್ದೇನೆ, ಆ ದಾರಿ ಹಿಡಿಸಿದವರು ಅವರು. ಹೈಸ್ಕೂಲಿನಲ್ಲಿ ಓದಿದ್ದು ಬಹುಪಾಲು ಮರೆತಿದೆ. 1989ರ ಒಂದು ಸೋಮವಾರ ಮಾತ್ರ ಮರೆತಿಲ್ಲ.

ಆಗ ನಮ್ಮ ಕಡೆ ಡಿಸಿಎಚ್-32 ಹತ್ತಿಯ ಬೀಜ ಮಾಡುವ ಭರಾಟೆ. ಧಾರವಾಡದಲ್ಲೇ ಹುಟ್ಟಿದ ಮಿಶ್ರತಳಿ, ಒಂದು ತಳಿಯ ಹೂವಿಗೆ ಇನ್ನೊಂದರ ಪರಾಗ ಸವರಿಯೇ ಅದರ ಬೀಜ ಮಾಡಬೇಕು. ಊರಿನಲ್ಲಿ ಆ ಕೆಲಸಕ್ಕೆ 'ಕ್ರಾಸಿಂಗ್' ಎಂದೇ ಹೆಸರು. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆ ಗುರುತಿಸಬೇಕು. ಹೆಬ್ಬೆರಳ ಉಗುರನ್ನು ಬುಡಕ್ಕೆ ಸುತ್ತಲೂ ಒತ್ತಿ, ದಳ, ಕೇಸರ ಎಲ್ಲ ಟೋಪಿಯಂತೆ ಕಳಚಿ ತೆಗೆಯಬೇಕು. ನಡುವೆ ಉಳಿಯುವ ಹೆಣ್ಣು ಭಾಗದ ಕಡ್ಡಿ, ಅಂದರೆ ಶಲಾಕೆಗೆ, ಉಗುರು ತಾಗಿತೋ, ಕಾಯಿ ಕಟ್ಟುವುದಿಲ್ಲ. ಮೇಲೊಂದು ಕಾಗದದ ಚೀಲ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹಳದಿ ಹೂ ತಂದು ಸವರಬೇಕು.

ನಾವು ಎಂಟು ಹುಡುಗರು ಮೂರು ದಿನ ಶಾಲೆ ತಪ್ಪಿಸಿ ಕೂಲಿಗೆ ಹೋದೆವು. ಸೋಮವಾರ ಎಂಟೂ ಜನ ಜ್ವರದ ಚೀಟಿ ತಂದೆವು, ಎಂಟೂ ನಾನೇ ಬರೆದದ್ದು. ಸರ್ ಒಂದೊಂದನ್ನೂ ನಿಧಾನ ಓದಿ ಮಡಚಿಟ್ಟರು.

"ಕೈ ಮುಂದ ಮಾಡ್ರಿ."

ಮಾಡಿದೆವು. ಉಗುರಿನ ಸಂದಿಯಲ್ಲೆಲ್ಲ ಹಳದಿ ಪರಾಗ.

"ಬೆರಳಿಗೆ ಹಳದಿ ಹತ್ತೂ ಜ್ವರ ನಾ ಕಂಡೇ ಇಲ್ಲಲೇ!"

ಬೆತ್ತ ಬರುತ್ತದೆ ಎಂದುಕೊಂಡೆವು. ಬರಲಿಲ್ಲ. ಪಕ್ಕದ ಹೊಲದಿಂದ ಹತ್ತಿ ಮೊಗ್ಗು, ಹೂವು ತರಿಸಿ ಮೇಜಿನ ಮೇಲಿಟ್ಟು "ನೀವ ಕಲಸ್ರಿ ಇವತ್ತು" ಎಂದು ನಮ್ಮ ಬೆಂಚಿನಲ್ಲಿ ಬಂದು ಕೂತರು. ಆ ಎಂಟು ಜನರಲ್ಲಿ ಶಲಾಕೆಗೆ ಒಂದು ಗೀರೂ ಬೀಳದಂತೆ ಸುಲಿದವನು ನಾನೊಬ್ಬನೇ. ಸರ್ ಕನ್ನಡಕ ಹಣೆಗೇರಿಸಿ ಮೊಗ್ಗನ್ನು ಕಣ್ಣ ಹತ್ತಿರ ತಂದು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಕೈಗೆ ಗೊತ್ತಿದ್ದಕ್ಕೆಲ್ಲ ಅವರು ಆಮೇಲೆ ಹೆಸರು ಕೊಟ್ಟರು: ಶಲಾಕಾಗ್ರ, ಅಂಡಾಶಯ, ಪರಾಗಸ್ಪರ್ಶ.

ಧೈರ್ಯ ಬಂದು ಕೇಳಿದೆ. ಹಿಂದಿನ ವರ್ಷ ಅಪ್ಪ ಡಿಸಿಎಚ್ ಬೆಳೆಯಿಂದಲೇ ಬೀಜ ಉಳಿಸಿ ಬಿತ್ತಿದ್ದ. ಒಂದು ಗಿಡ ಎದೆಯೆತ್ತರ, ಒಂದು ಮೊಣಕಾಲುದ್ದ. ಕಾಯಿಯೂ ಒಂದರಂತೆ ಒಂದಿರಲಿಲ್ಲ. ಯಾಕೆ?

ಸರ್ ಬೋರ್ಡಿನ ಮೇಲೆ ಮೆಂಡಲ್ ಎಂದು ಬರೆದರು. ಬರ್ನೋ ಎಂಬ ಊರಿನ ಮಠದ ಸನ್ಯಾಸಿ, ಮಾಸ್ತರಿಕೆಯ ಪರೀಕ್ಷೆ ಕೊನೆಗೂ ಪಾಸಾಗದವನು, 1856ರಿಂದ ಎಂಟು ವರ್ಷ ಬಟಾಣಿ ಗಿಡಗಳ ಹಿಂದೆ ಬಿದ್ದ ಕಥೆ. ಹಳದಿ ಕಾಳಿನ ಗಿಡಕ್ಕೂ ಹಸಿರು ಕಾಳಿನ ಗಿಡಕ್ಕೂ ಕೂಡಿಸಿದರೆ ಮೊದಲ ಪೀಳಿಗೆ ಪೂರ್ತಿ ಹಳದಿ. ಅದನ್ನೇ ಬಿತ್ತಿದರೆ 6,022 ಹಳದಿ, 2,001 ಹಸಿರು, ಹೆಚ್ಚುಕಡಿಮೆ ಮೂರು ಹಳದಿಗೆ ಒಂದು ಹಸಿರು. "ಹಸಿರು ಎಲ್ಲೂ ಹೋಗಿದ್ದಿಲ್ಲ, ಒಳಗ ಅಡಗಿ ಕುಂತಿತ್ತು. ನಿಮ್ಮ ಹೊಲದಾಗೂ ಅಜ್ಜ-ಅಜ್ಜಿ ಗುಣ ಬಿಡಿಬಿಡಿಯಾಗಿ ಹೊರಗ ಬಂದಾವ. ನಿಮ್ಮಪ್ಪಂದೇನೂ ತಪ್ಪಿಲ್ಲ." ಸಂಜೆ ಇದನ್ನು ಹೇಳಿದಾಗ ಅಪ್ಪ ಬಹಳ ಹೊತ್ತು ಸುಮ್ಮನೆ ಕೂತಿದ್ದ.

ಮನುಷ್ಯರ ಸಂತಾನೋತ್ಪತ್ತಿಯ ಪಾಠವನ್ನು ಬೇರೆಯವರು "ಮನೆಯಲ್ಲಿ ಓದಿಕೊಳ್ಳಿ" ಎಂದು ದಾಟಿಬಿಡುತ್ತಿದ್ದರು. ನಮ್ಮ ಸರ್ ಹುಡುಗರು ಹುಡುಗಿಯರನ್ನು ಒಟ್ಟಿಗೆ ಕೂರಿಸಿ, ಹತ್ತಿ ಹೂವಿನ ಬಗ್ಗೆ ಮಾತಾಡಿದ ಅದೇ ದನಿಯಲ್ಲಿ ಕಲಿಸಿದರು. ಮೊದಲ ಹತ್ತು ನಿಮಿಷ ಕಿಸಿಕಿಸಿ ನಗು, ಆಮೇಲೆ ಇಲ್ಲ. ಗುಣಗಳನ್ನು ಹೊತ್ತು ತರುವ ಇಪ್ಪತ್ಮೂರು ಜೊತೆ ವರ್ಣತಂತು, ಕೊನೆಯ ಜೊತೆ ಎರಡೂ ಎಕ್ಸ್ ಆದರೆ ಹೆಣ್ಣು, ಎಕ್ಸ್ ಮತ್ತು ವೈ ಆದರೆ ಗಂಡು. "ತಾಯಿ ಕೊಡೂದು ಎಕ್ಸ್ ಒಂದ. ವೈ ಇರೂದು ಅಪ್ಪನ ಹತ್ರ. ಯಾವುದು ಬಂತು ಅನ್ನೂದು ಅವನ ಕೈಯಾಗೂ ಇಲ್ಲ. ನನಗ ಮೂರು ಹೆಣ್ಣುಮಕ್ಕಳು. ನಮ್ಮ ಮನಿಯವ್ರಿಗೆ ಯಾರರ ಏನರ ಅಂದ್ರ, ಈ ಬೋರ್ಡ್ ತೋರಸ್ತೀನಿ."

ಮುಂದಿನ ಬೆಂಚಿನ ಒಬ್ಬಳು ಅದನ್ನು ನೋಟ್‌ಬುಕ್ಕಿನಲ್ಲಿ ಎರಡೆರಡು ಸಲ ಬರೆದುಕೊಂಡಳು. ಅವರ ಮನೆಯಲ್ಲಿ ನಾಲ್ಕು ಹೆಣ್ಣು. ಗಂಡು ಹಡೆಯಲಿಲ್ಲ ಎಂದು ಅವಳ ಅಪ್ಪನಿಗೆ ಇನ್ನೊಂದು ಮದುವೆ ಮಾಡುವ ಮಾತು ನಡೆದಿತ್ತು. ಆ ರಾತ್ರಿ ಅವಳು ಅಜ್ಜಿಯ ಮುಂದೆ ನೋಟ್‌ಬುಕ್ ಹಿಡಿದು ಓದಿದಳಂತೆ. ಮದುವೆ ನಿಂತದ್ದು ಅದರಿಂದಲೇ ಎಂದು ನಾನು ಹೇಳಲಾರೆ. ನಿಂತದ್ದಂತೂ ನಿಜ.

ಈಗ ಶಾಲೆಗಳಲ್ಲಿ ಸ್ಮಾರ್ಟ್ ಬೋರ್ಡ್ ಇದೆ. ಮಕ್ಕಳು ಹೊಲದಲ್ಲಿ ಕೂಲಿ ಮಾಡಬಾರದು, ಅದು ನಿಂತಷ್ಟೂ ಒಳ್ಳೆಯದೇ. ಆದರೆ ಹೋದ ವರ್ಷ ಒಂದು ಶಾಲೆಗೆ ಅತಿಥಿಯಾಗಿ ಹೋದಾಗ, ಮೂರಕ್ಕೊಂದರ ಲೆಕ್ಕವನ್ನು ಪಟಪಟನೆ ಹೇಳಿದ ಮಕ್ಕಳಲ್ಲಿ ಒಬ್ಬರಿಗೂ ಕುಂಬಳದ ಗಂಡು ಹೂ ಯಾವುದು, ಹೆಣ್ಣು ಹೂ ಯಾವುದು ತಿಳಿಯಲಿಲ್ಲ. ಬಳ್ಳಿ ಕಾಂಪೌಂಡಿನ ಮೇಲೇ ಹಬ್ಬಿತ್ತು. ನನಗೆ ಹೊಟ್ಟೆ ಉರಿಯಿತು.

ಸರ್‌ಗೆ ಮಣ್ಣು ಕೊಡುವಾಗ ಮೊದಲ ಹಿಡಿ ಹಾಕಿದವರು ಅವರ ಮೂವರು ಹೆಣ್ಣುಮಕ್ಕಳು. ನಮ್ಮ ಮುಂದಿನ ಬೆಂಚಿನ ಗೆಳತಿ ದಾವಣಗೆರೆಯಿಂದ ಬಂದಿದ್ದಳು, ಜೊತೆಯಲ್ಲಿ ಅವಳ ತಾಯಿ. ಆ ತಾಯಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. "ಎಲ್ಲಿ ಹಾಕಬೇಕಪಾ?" ಎಂದು ನನ್ನನ್ನು ಕೇಳಿದರು. ಕೈ ಹಿಡಿದು ಕರೆದುಕೊಂಡು ಹೋದೆ.